ಹಾಸು ಒಂದೇ, ದಡಿ ಬೇರೆ

‘ಯಾವ ಲಿನಕ್ಸ್ ಹಾಕ್ಕೋಬೇಕ್ರೀ?’ ಎಂಬ ಪ್ರಶ್ನೆ ಬೆಳಗಾವಿಯ ಶಹಾಪುರದಲ್ಲಿ ಮತ್ತೆ ಎದ್ದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಎಂಟನೇ ಪೀಳಿಗೆಗಿಂತ ಹಿಂದಿನ ಹೆಚ್ಚಿನ ಇಂಟೆಲ್ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಬಾಗಿಲು ತೆರೆಯುವುದಿಲ್ಲ. ಗಟ್ಟಿಮುಟ್ಟಾಗಿಯೇ ಇರುವ ಯಂತ್ರವನ್ನು ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬಂದೀತು?

ಈ ನೇಕಾರರ ಊರಿಗೆ ಲಿನಕ್ಸಿನ ಡಿಸ್ಟ್ರೋ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೂಡಿದ ಕರ್ನಲ್ ಎಲ್ಲಕ್ಕೂ ಒಂದೇ ಹಾಸು. ದಡಿ, ಸೆರಗು, ಬಣ್ಣ ಮಾತ್ರ ಬೇರೆಬೇರೆ. ಆದರೂ ದಡಿಯ ಹೊಳಪು ನೋಡಿ ಡಿಸ್ಟ್ರೋ ಆರಿಸುವ ಪಂಥವೊಂದಿದೆ. ಅದರ ಜೊತೆ ಈ ಅಂಕಣದ ಜಗಳ ಹಳೆಯದು. ತಿಂಗಳಿಗೊಂದು ಡಿಸ್ಟ್ರೋ ಬದಲಿಸುವುದನ್ನೇ ಜಾಣತನವೆಂದು ನಂಬಿದ ಪಂಥ ಅದು. ಫೆಡೋರಾ ಎಂಬ ಡಿಸ್ಟ್ರೋದ ಪ್ರತಿ ಆವೃತ್ತಿಗೆ ಬೆಂಬಲ ಸುಮಾರು ಹದಿಮೂರು ತಿಂಗಳು. ಆರ್ಚ್‌ಗೆ ಆವೃತ್ತಿಗಳೇ ಇಲ್ಲ, ಅದು ನಿರಂತರ ಬದಲಾಗುತ್ತಲೇ ಇರುತ್ತದೆ. ಕಲಿಯುವ ವಿದ್ಯಾರ್ಥಿಗೆ ಎರಡೂ ಒಳ್ಳೆಯ ಗುರುಗಳು. ಪವರ್‌ಲೂಮ್ ಮಾಲೀಕ ನೂಲಿನ ಲೆಕ್ಕ ಬರೆದಿಡುವ ಕಂಪ್ಯೂಟರಿಗೆ ಮಾತ್ರ ಅವು ಸಲ್ಲವು. ಅಲ್ಲಿ ಬೇಕಾದದ್ದು ಸದ್ದಿಲ್ಲದೆ ನಾಲ್ಕೈದು ವರ್ಷ ನಡೆಯುವ ವ್ಯವಸ್ಥೆ.

ಆ ಲೆಕ್ಕದಲ್ಲಿ ಉಳಿಯುವುದು ಎರಡು. ಉಬುಂಟು 24.04ರ ತಳಹದಿಯ ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ, ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ನಾಲ್ಕು ಜಿಬಿ ರ‍್ಯಾಮಿನಲ್ಲಿ ಹಾಯಾಗಿ ನಡೆಯುತ್ತದೆ. ಇನ್ನೊಂದು, 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13.

ಅಂಕಣದ ಒಲವು ಡೆಬಿಯನ್ ಕಡೆಗೇ. ಕಾರಣ 1997ರಲ್ಲಿ ಆ ಬಳಗ ಒಪ್ಪಿಕೊಂಡ ಸಾಮಾಜಿಕ ಒಪ್ಪಂದ. ಐದೇ ಅಂಶಗಳ ಪುಟ್ಟ ದಸ್ತಾವೇಜು. ಡೆಬಿಯನ್ ಎಂದೆಂದಿಗೂ ಪೂರ್ತಿ ಮುಕ್ತವಾಗಿಯೇ ಉಳಿಯುತ್ತದೆ, ತಾನು ಮಾಡಿದ್ದನ್ನು ಮುಕ್ತ ತಂತ್ರಾಂಶ ಸಮುದಾಯಕ್ಕೆ ಮರಳಿಸುತ್ತದೆ, ಬಳಕೆದಾರರ ಅಗತ್ಯವನ್ನು ಮುಂದಿಟ್ಟುಕೊಂಡು ನಡೆಯುತ್ತದೆ ಎನ್ನುತ್ತದೆ ಅದು. ಎಲ್ಲಕ್ಕಿಂತ ದೊಡ್ಡ ಮಾತು, ತನ್ನ ದೋಷಗಳನ್ನು ಮುಚ್ಚಿಡುವುದಿಲ್ಲ, ದೋಷಗಳ ಪಟ್ಟಿಯನ್ನು ಜನರ ಕಣ್ಣೆದುರೇ ಇಡುತ್ತದೆ ಎಂಬುದು. ವ್ಯಾಪಾರದ ಲೋಕದಲ್ಲಿ ಇಂಥ ಮಾತು ಕೊಡುವವರು ವಿರಳ, ಇಷ್ಟು ಕಾಲ ಉಳಿಸಿಕೊಂಡವರು ಇನ್ನೂ ವಿರಳ.

ಈ ವಾರ ಮಿಂಟ್, ಡೆಬಿಯನ್ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವ ಯೋಚನೆಯಿತ್ತು. ಆದರೆ ಶಹಾಪುರದ ಮನೆಯಲ್ಲಿ ತೀರ್ಮಾನ ನಿಲ್ಲುವುದು ಕೀಲಿಮಣೆಯ ಮೇಲೆ. 1948ರವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಊರಿದು. ಹೀಗಾಗಿ ಇಲ್ಲಿ ಅರ್ಜಿ ಕನ್ನಡದಲ್ಲಾದರೆ, ಬೀಗರಿಗೆ ಬರೆಯುವ ಪತ್ರ ಮರಾಠಿಯಲ್ಲಿರಬಹುದು.

‘ಲಿನಕ್ಸ್‌ನ್ಯಾಗ ನುಡಿ ಬರಂಗಿಲ್ಲ’ ಎಂಬ ದೂರು ಇಂದಿಗೂ ಇದೆ. ಆ ದೂರಿನಲ್ಲಿ ಎರಡು ಸಂಗತಿ ಕಲಸಿಹೋಗಿವೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಫಾಂಟ್ ಇಲ್ಲದ ಕಡೆ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಾಣುತ್ತವೆ. ಅದು ಲಿನಕ್ಸಿನ ದೋಷವಲ್ಲ. ಯೂನಿಕೋಡ್‌ನಲ್ಲಿ ಬರೆದ ಕನ್ನಡಕ್ಕೆ ಈ ತೊಡಕಿಲ್ಲ. ಡೆಬಿಯನ್ ಭಂಡಾರದಲ್ಲಿ ಲೋಹಿತ್ ಜೊತೆಗೆ ಗುಬ್ಬಿ, ನವಿಲು ಎಂಬ ಚೆಂದದ ಕನ್ನಡ ಫಾಂಟುಗಳೂ ಇವೆ. ಪೇಜ್‌ಮೇಕರ್, ಕೋರೆಲ್‌ಡ್ರಾಗಳಲ್ಲಿ ಲಗ್ನಪತ್ರಿಕೆ ಮಾಡಿ ಬದುಕುವ ಡಿಟಿಪಿ ಅಂಗಡಿಯವರು ಮಾತ್ರ ಹಳೆಯ ಯಂತ್ರವನ್ನು ಇಂಟರ್‌ನೆಟ್ಟಿನಿಂದ ದೂರವಿಟ್ಟು ಇದ್ದಲ್ಲಿಯೇ ಇರುವುದು ಮೇಲು.

ಇನ್ನು ನುಡಿಯ ಕೀಲಿವಿನ್ಯಾಸ. ಕೆ.ಪಿ. ರಾವ್ ಅವರ ಕಲ್ಪನೆಯಿಂದ ಬೆಳೆದು, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕಗಪ ಎನಿಸಿಕೊಂಡ ಆ ವಿನ್ಯಾಸ ಮಿಂಟ್, ಡೆಬಿಯನ್, ಫೆಡೋರಾ ಎಲ್ಲದರಲ್ಲೂ ಇದೆ. ಎಲ್ಲವೂ ಬಳಸುವ ಎಕ್ಸ್‌ಕೆಬಿ ಕೀಲಿಮಣೆ ಸಂಗ್ರಹದಲ್ಲೇ ಅದು ಸೇರಿಕೊಂಡಿದೆ. ಅದೇ ಪಟ್ಟಿಯಲ್ಲಿ ಕಣ್ಣಾಡಿಸಿದರೆ ಇನ್ನೊಂದು ಸಾಲು ಸಿಗುತ್ತದೆ: ಮರಾಠಿ, ಕಗಪ. ಹಿಂದಿಗೂ ಸಂಸ್ಕೃತಕ್ಕೂ ಹಾಗೆಯೇ. ಕನ್ನಡಕ್ಕಾಗಿ ದುಡಿದ ಪರಿಷತ್ತಿನ ಹೆಸರು ಜಗತ್ತಿನ ಲಿನಕ್ಸ್ ಯಂತ್ರಗಳಲ್ಲಿ ಮರಾಠಿ ಬರೆಯುವ ದಾರಿಗೂ ಅಂಟಿಕೊಂಡಿದೆ. ಬೆಳಗಾವಿಯ ಎಷ್ಟು ಮನೆಗಳು ಇದನ್ನು ಗಮನಿಸಿವೆಯೋ!

ಹೊಸ ಡಿಸ್ಟ್ರೋ ಹಾಕುವ ಮುನ್ನ ಅದನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ವೈಫೈ, ಪ್ರಿಂಟರ್ ಪರೀಕ್ಷಿಸಿದ ಮೇಲೆ ಕೀಲಿಮಣೆಯ ಸೆಟ್ಟಿಂಗಿನಲ್ಲಿ ಕನ್ನಡ, ಮರಾಠಿ ಎರಡೂ ಕಗಪಗಳನ್ನು ಸೇರಿಸಿಕೊಳ್ಳಬೇಕು. ಶಿಫ್ಟ್ ಹಿಡಿದು ಬಿ, ಆಮೇಲೆ ಕೆ, ಎಫ್, ಟಿ ಒತ್ತಿದರೆ ಪರದೆಯ ಮೇಲೆ ‘ಭಕ್ತ’ ಮೂಡುತ್ತದೆ. ಭಾಷೆ ಬದಲಿಸಿ ಅದೇ ನಾಲ್ಕು ಕೀಲಿ ಒತ್ತಿದರೆ ವಿಠ್ಠಲನ ಅದೇ ಭಕ್ತ ದೇವನಾಗರಿಯಲ್ಲಿ ನಿಲ್ಲುತ್ತಾನೆ.