ಇಳಿಹೊತ್ತಿನ ಮುಷ್ಟಿ

1951ರ ಅಕ್ಟೋಬರ್ 26ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾಕಿ ಮಾರ್ಸಿಯಾನೋನ ಏಟಿಗೆ ಹಗ್ಗಗಳ ನಡುವಿನಿಂದ ಆಚೆಗೆ ಉರುಳಿದ ಜೋ ಲೂಯಿಗೆ 37 ವರ್ಷ. 1994ರ ನವೆಂಬರ್ 5ರ ರಾತ್ರಿ ಲಾಸ್ ವೇಗಸ್‌ನಲ್ಲಿ ಮೈಕಲ್ ಮೂರರ್‌ನನ್ನು ಕೆಡವಿ ಮತ್ತೊಮ್ಮೆ ಹೆವಿವೇಟ್ ಚಾಂಪಿಯನ್ ಆದ ಜಾರ್ಜ್ ಫೋರ್‌ಮನ್‌ಗೆ 45. ಇಬ್ಬರಲ್ಲಿ ಮುದುಕ ಯಾರು?

ಲೂಯಿ ಎಂದೇ ನನ್ನ ಉತ್ತರ. ಬಾಕ್ಸಿಂಗ್‌ನಲ್ಲಿ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಲೂಯಿ 1937ರಿಂದ 1949ರವರೆಗೆ ಪಟ್ಟದಲ್ಲಿದ್ದವನು, 25 ಸಲ ಅದನ್ನು ಉಳಿಸಿಕೊಂಡವನು. ಫೋರ್‌ಮನ್ 1977ರಲ್ಲಿ ಕೈಗವಸು ಕಳಚಿಟ್ಟು ಹತ್ತು ವರ್ಷ ಹ್ಯೂಸ್ಟನ್‌ನಲ್ಲಿ ಪಾದ್ರಿಯಾಗಿ ಉಪದೇಶ ಮಾಡಿಕೊಂಡಿದ್ದವನು. ಆ ಹತ್ತು ವರ್ಷ ಅವನ ತಲೆಗೆ ಏಟು ಬೀಳಲಿಲ್ಲ. ಬಾಕ್ಸರ್‌ನ ನಿಜವಾದ ವಯಸ್ಸು ಅವನು ತಿಂದ ಏಟುಗಳಲ್ಲಿದೆ.

ಬೇರೆ ಬೇರೆ ಕಾಲದ ಚಾಂಪಿಯನ್ನರನ್ನು ಹೋಲಿಸುವ ಚರ್ಚೆ ಈ ಆಟದ ಅಭಿಮಾನಿಗಳಿಗೆ ಎಂದೂ ಮುಗಿಯದ ಹಬ್ಬ. ಭರ್ತಿ ಪ್ರಾಯದ ಲೂಯಿಯ ಎದುರು ಭರ್ತಿ ಪ್ರಾಯದ ಮುಹಮ್ಮದ್ ಅಲಿ ನಿಂತಿದ್ದರೆ? ಇದಕ್ಕೆ ಉತ್ತರವಿಲ್ಲ, ಇರಲಾರದು. ಇಳಿವಯಸ್ಸಿನ ಹೋಲಿಕೆ ಹಾಗಲ್ಲ. ಮುಪ್ಪು ಎಲ್ಲ ಕಾಲದ ಚಾಂಪಿಯನ್ನರಿಂದಲೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಕಿತ್ತುಕೊಳ್ಳುತ್ತದೆ. ಮೊದಲು ಕಾಲು ಹೋಗುತ್ತದೆ. ಆಮೇಲೆ ಏಟು ಬರುವುದನ್ನು ಕಂಡ ಕಣ್ಣಿಗೂ ತಪ್ಪಿಸಿಕೊಳ್ಳಬೇಕಾದ ತಲೆಗೂ ನಡುವಿನ ಆ ಚುರುಕು. ಹೊಡೆತದ ಭಾರ ಮಾತ್ರ ಕೊನೆಯವರೆಗೂ ಉಳಿಯುತ್ತದೆ. ಹಾಗಾಗಿ ಯಾವ ಚಾಂಪಿಯನ್ನನ ಬಗ್ಗೆ ಬೇಕಾದರೂ, ಹೋದದ್ದರ ಜಾಗದಲ್ಲಿ ಅವನು ಏನನ್ನು ತಂದಿಟ್ಟ, ಅದಕ್ಕೆ ಎಷ್ಟು ಬೆಲೆ ತೆತ್ತ ಎಂದು ಕೇಳಬಹುದು. ಗೆಲುವು ಸೋಲಿನ ಪಟ್ಟಿಗಿಂತ ಈ ಅಳತೆಗೋಲನ್ನು ನಾನು ಹೆಚ್ಚು ನಂಬುತ್ತೇನೆ.

ಲೂಯಿ ನಿವೃತ್ತಿಯಿಂದ ಮರಳಿ ಬಂದದ್ದು ಕೀರ್ತಿಗಾಗಿ ಅಲ್ಲ. 1942ರಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನು ಅಮೆರಿಕದ ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟಿದ್ದ ಮನುಷ್ಯನ ತಲೆಯ ಮೇಲೆ ತೆರಿಗೆ ಬಾಕಿಯ ಬೆಟ್ಟ ಬೆಳೆದಿತ್ತು. 1950ರಲ್ಲಿ ಎಜರ್ಡ್ ಚಾರ್ಲ್ಸ್‌ನ ಎದುರು 15 ಸುತ್ತು ಆಡಿ ಸೋತ. ಆಮೇಲೆ ಸಾಲಾಗಿ ಎಂಟು ಪಂದ್ಯ ಗೆದ್ದ ಎನ್ನುವುದನ್ನು ಜನ ಮರೆಯುತ್ತಾರೆ. ಅವನ ಎಡಗೈಯ ಜ್ಯಾಬ್, ಎದುರಾಳಿಯನ್ನು ದೂರವಿಡುವ ಆ ನೇರ ಚುಚ್ಚೇಟು, ಆಗಲೂ ಚೆನ್ನಾಗಿತ್ತು. ಮಾರ್ಸಿಯಾನೋನನ್ನೂ ಮೊದಲ ಸುತ್ತುಗಳಲ್ಲಿ ಅದು ದೂರವಿಟ್ಟಿತು. ಆದರೆ ಜಗತ್ತು ಹೆದರಿದ್ದ ಆ ಬಲಗೈ ಬರಬೇಕಾದ ಕ್ಷಣದಲ್ಲಿ ಬರಲಿಲ್ಲ. ಲೂಯಿಯ ಕಲೆ ಪೂರ್ತಿ ಕ್ಷಣದ ಕಲೆ. ಎದುರಾಳಿ ಬಿಟ್ಟ ಸಣ್ಣ ಬಿರುಕಿನಲ್ಲಿ ಐದಾರು ಏಟುಗಳನ್ನು ಒಟ್ಟಿಗೆ ನುಗ್ಗಿಸುವುದು ಅದರ ಗುಟ್ಟು. ಬಿರುಕು ಕಂಡು ಕೈ ಹೊರಡುವಷ್ಟರಲ್ಲಿ ಬಿರುಕು ಮುಚ್ಚಿಹೋಗುವ ವಯಸ್ಸಿಗೆ ಅವನ ಬಳಿ ಬೇರೆ ವರಸೆ ಇರಲಿಲ್ಲ. ಎಂಟನೇ ಸುತ್ತಿಗೆ ಮುಗಿಯಿತು. ಗೆದ್ದ ಮಾರ್ಸಿಯಾನೋ ತನ್ನ ಬಾಲ್ಯದ ಆರಾಧ್ಯನನ್ನು ಕೆಡವಿದ್ದಕ್ಕೆ ಅತ್ತ.

ಇಲ್ಲೊಂದು ಅನ್ಯಾಯವನ್ನು ಹೇಳಲೇಬೇಕು. ‘ಅವನ ಕಾಲ ಮುಗಿದಿತ್ತು’ ಎಂಬ ಮಾತು ಸೋತವನಿಗೆ ಗೌರವ ತರುವುದಕ್ಕಿಂತ ಹೆಚ್ಚಾಗಿ ಗೆದ್ದವನ ಕೈಯಿಂದ ಗೆಲುವನ್ನು ಕಸಿದುಕೊಳ್ಳಲು ಬಳಕೆಯಾಗಿದೆ. 1910ರ ಜುಲೈ 4ರಂದು ನೆವಾಡದ ರೀನೋದಲ್ಲಿ ಜ್ಯಾಕ್ ಜಾನ್ಸನ್ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ನಾಗಿ ನಿಂತಿದ್ದ. ಸುಮಾರು ಆರು ವರ್ಷ ಅಖಾಡಕ್ಕೆ ಇಳಿಯದೆ ಊದಿಕೊಂಡಿದ್ದ ಬಿಳಿಯ ಮಾಜಿ ಚಾಂಪಿಯನ್ ಜಿಮ್ ಜೆಫ್ರೀಸ್‌ನನ್ನು ಎಳೆತಂದು ಅವನೆದುರು ನಿಲ್ಲಿಸಿದ್ದು ಬಿಳಿಯ ಅಮೆರಿಕದ ಹಟ. ಜಾನ್ಸನ್ 15ನೇ ಸುತ್ತಿನಲ್ಲಿ ಗೆದ್ದಾಗ ಅದೇ ಜನ ಜೆಫ್ರೀಸ್‌ನ ವಯಸ್ಸನ್ನು ಮುಂದೆ ಮಾಡಿದರು. ಪಂದ್ಯಕ್ಕೆ ಮುಂಚೆ ಅವನ ವಯಸ್ಸು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈಗ ಅಲಿ. ಅವನಿಗೆ ಎರಡು ಮುಪ್ಪು. ಸೇನೆಗೆ ಸೇರಲು ಒಪ್ಪದ್ದಕ್ಕೆ 1967ರಿಂದ 1970ರವರೆಗೆ ಅವನನ್ನು ಆಟದಿಂದ ಹೊರಗಿಟ್ಟರು. ಮರಳಿ ಬಂದಾಗ ರಿಂಗಿನ ಸುತ್ತ ತೇಲುತ್ತಿದ್ದ ಆ ಕಾಲುಗಳು ಇರಲಿಲ್ಲ. ಜಗತ್ತು ಅವನನ್ನು ನೆನೆಯುವ ದೊಡ್ಡ ಪಂದ್ಯಗಳೆಲ್ಲ ಈ ಮೊದಲ ಮುಪ್ಪಿನವು. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ ಫೋರ್‌ಮನ್‌ನ ಏಟುಗಳನ್ನು ತೋಳಿನ ಮೇಲೆ, ಪಕ್ಕೆಯ ಮೇಲೆ ತೆಗೆದುಕೊಂಡು ಎಂಟನೇ ಸುತ್ತಿನಲ್ಲಿ ಗೆದ್ದ. ಮರುವರ್ಷದ ಅಕ್ಟೋಬರ್ 1ರಂದು ಮನಿಲಾದಲ್ಲಿ ಜೋ ಫ್ರೇಜಿಯರ್ ಜೊತೆ 14 ಸುತ್ತು. ಹೋದ ಕಾಲುಗಳ ಜಾಗದಲ್ಲಿ ಅಲಿ ತಂದಿಟ್ಟದ್ದು ಏಟು ತಡೆದುಕೊಳ್ಳುವ ಶಕ್ತಿಯನ್ನು. ಹೆವಿವೇಟ್ ಇತಿಹಾಸದಲ್ಲಿ ಇಷ್ಟು ಬುದ್ಧಿವಂತಿಕೆಯ ಬದಲಾವಣೆ ಇನ್ನೊಂದಿಲ್ಲ, ಇಷ್ಟು ದುಬಾರಿಯಾದದ್ದೂ ಇನ್ನೊಂದಿಲ್ಲ. 1977ರಲ್ಲಿ ಅರ್ನಿ ಶೇವರ್ಸ್ ಜೊತೆಗಿನ ಪಂದ್ಯದ ನಂತರ ಅವನ ವೈದ್ಯ ಫರ್ಡಿ ಪಚೇಕೊ, ಇನ್ನು ಆಡಬಾರದೆಂದು ಹೇಳಿ, ಕೇಳದಿದ್ದಾಗ ಬಳಗವನ್ನೇ ಬಿಟ್ಟ.

1980ರ ಆರಂಭದಲ್ಲಿ ಅಲಿ ಮದ್ರಾಸಿಗೂ ಬಂದು ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದ್ದ. ಆಗ ಅವನು ನಿವೃತ್ತ. ನಮ್ಮ ದಕ್ಷಿಣದ ಜನ ಕಂಡ ಅಲಿ ನಗುತ್ತ, ಕೈಬೀಸುತ್ತ ನಿಂತ ಅಲಿ. ಅವನು ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಅದೇ ವರ್ಷ ಅಕ್ಟೋಬರ್ 2ರಂದು ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ಲ್ಯಾರಿ ಹೋಮ್ಸ್‌ನ ಎದುರು ನಿಂತ. ಥೈರಾಯ್ಡ್ ಮಾತ್ರೆ ನುಂಗಿ ತೂಕ ಇಳಿಸಿದ್ದ, ನರೆಗೂದಲಿಗೆ ಬಣ್ಣ ಹಚ್ಚಿದ್ದ, ಹೊರಗಿಂದ ನೋಡಿದರೆ ಹುಡುಗ. ಒಂಟಿಕಾಲಲ್ಲಿ ಕುಪ್ಪಳಿಸುವಾಗ ನಿರೀಕ್ಷಿಸುವಷ್ಟು ಚುರುಕಿಲ್ಲ ಎಂದು ಮೇಯೋ ಕ್ಲಿನಿಕ್‌ನ ತಪಾಸಣೆ ಗುರುತಿಸಿತ್ತು. ಆದರೂ ನೆವಾಡದ ಆಯೋಗ ಪರವಾನಗಿ ಕೊಟ್ಟಿತು. ಹತ್ತು ಸುತ್ತು ಏಕಪಕ್ಷೀಯವಾಗಿ ಹೊಡೆಸಿಕೊಂಡ ಮೇಲೆ ಅಲಿಯ ತರಬೇತುದಾರ ಏಂಜಲೋ ಡಂಡಿ ಪಂದ್ಯ ನಿಲ್ಲಿಸಿದ. ಇದು ಎರಡನೇ ಮುಪ್ಪು. ಹೋದದ್ದರ ಜಾಗದಲ್ಲಿ ಇಡಲು ಈಗ ಅಲಿಯ ಬಳಿ ಏನೂ ಉಳಿದಿರಲಿಲ್ಲ, ಎಲ್ಲವನ್ನೂ ಮನಿಲಾದಲ್ಲಿ ಖರ್ಚು ಮಾಡಿದ್ದ. ಆ ರಾತ್ರಿಯನ್ನು ಅಲಿಯ ಸೋಲು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅದು ಅವನನ್ನು ರಿಂಗಿಗೆ ಬಿಟ್ಟವರ ತಪ್ಪು. 1984ರಲ್ಲಿ ವೈದ್ಯರು ಪಾರ್ಕಿನ್ಸನ್ ಎಂದರು.

ಫೋರ್‌ಮನ್ ಕಲಿತದ್ದು ಅಲಿಯದಕ್ಕೆ ತದ್ವಿರುದ್ಧವಾದ ಪಾಠ. ಯುವಕನಾಗಿದ್ದಾಗ ಅವನು ಕೋಪದಿಂದ ಆಡುತ್ತಿದ್ದ, ಬೇಗ ಬಳಲುತ್ತಿದ್ದ. ಎರಡನೇ ಜನ್ಮದಲ್ಲಿ ನಿಧಾನವನ್ನೇ ಆಯುಧ ಮಾಡಿಕೊಂಡ. ಎರಡು ತೋಳುಗಳನ್ನು ಅಡ್ಡಡ್ಡಲಾಗಿ ಮುಖದ ಮುಂದೆ ಕಟ್ಟುವ ಹಳೆಯ ರಕ್ಷಣೆ, ಕೋಲಿನಂಥ ಜ್ಯಾಬ್, ಸುತ್ತುಗಳ ನಡುವೆ ಕುರ್ಚಿಯಲ್ಲಿ ಕೂರದೆ ನಿಂತೇ ಇರುವ ಹಟ. 1991ರಲ್ಲಿ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಎದುರು ಸೋತರೂ 12 ಸುತ್ತು ಮುಗಿಸಿದ. 1994ರಲ್ಲಿ ಎದುರಾದ ಮೂರರ್ ಅವನಿಗಿಂತ 19 ವರ್ಷ ಚಿಕ್ಕವನು. ಒಂಬತ್ತು ಸುತ್ತು ಕಳೆದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಫೋರ್‌ಮನ್ ಹಿಂದಿದ್ದ. ಹತ್ತನೆಯದರಲ್ಲಿ ಗಿಡ್ಡನೆಯ ಬಲಗೈ ಏಟೊಂದು ಗದ್ದಕ್ಕೆ ಬಿತ್ತು. ಫೋರ್‌ಮನ್ ಉಟ್ಟದ್ದು ಕಿನ್ಶಾಸಾದಲ್ಲಿ ಸೋತಾಗ ಉಟ್ಟಿದ್ದ ಅದೇ ಕೆಂಪು ಚಡ್ಡಿ. ಅವನ ಮೂಲೆಯಲ್ಲಿ ನಿಂತಿದ್ದವನು ಅಂದು ಅಲಿಯ ಮೂಲೆಯಲ್ಲಿದ್ದ ಅದೇ ಡಂಡಿ.

ಇಷ್ಟಾದರೂ ಇಳಿವಯಸ್ಸಿನವರ ಸಾಲಿನಲ್ಲಿ ಫೋರ್‌ಮನ್‌ಗೆ ಮೊದಲ ಸ್ಥಾನ ಕೊಡಲು ನಾನು ಹಿಂಜರಿಯುತ್ತೇನೆ. ಲೂಯಿಯ ಕಾಲದಲ್ಲಿ ಕಿರೀಟ ಒಂದೇ, ಸುತ್ತುಗಳು 15. ಫೋರ್‌ಮನ್‌ನ ಕಾಲಕ್ಕೆ ಕಿರೀಟಗಳು ಹಂಚಿಹೋಗಿದ್ದವು, ಸುತ್ತುಗಳು 12ಕ್ಕೆ ಇಳಿದಿದ್ದವು. ವಯಸ್ಸಾದವನಿಗೆ ದಾರಿ ಆರಿಸಿಕೊಳ್ಳುವ ಅನುಕೂಲ ಸಿಕ್ಕಿತ್ತು. ಮರುವರ್ಷ ಆಕ್ಸೆಲ್ ಶುಲ್ಜ್ ಎದುರು ಬಂದ ಗೆಲುವಿನ ತೀರ್ಪನ್ನು ಆಟ ನೋಡಿದ ಬಹಳಷ್ಟು ಮಂದಿ ಒಪ್ಪಲಿಲ್ಲ. ಮೂರರ್ ಪಂದ್ಯ ಒಂದು ಏಟಿನ ಪವಾಡ. ಪವಾಡಕ್ಕೆ ನಾನು ಕೈಮುಗಿಯುತ್ತೇನೆ, ಆದರೆ ಅದನ್ನು ಕಸುಬಿನ ಲೆಕ್ಕಕ್ಕೆ ಬರೆಯಲಾರೆ.

ಮೈಕ್ ಟೈಸನ್ ವಿಷಯ ಬೇಗ ಮುಗಿಯುತ್ತದೆ. ಗಿಡ್ಡ ದೇಹದಿಂದ ಮಿಂಚಿನಂತೆ ಒಳನುಗ್ಗಿ ಹೊಡೆಯುವುದೇ ಅವನ ಆಟ. ಮಿಂಚು ಹೋದ ಮೇಲೆ ದೂರದಲ್ಲಿ ನಿಂತು ಆಡಲು ಉದ್ದ ತೋಳಿಲ್ಲ, ಹಗ್ಗಕ್ಕೆ ಒರಗಿ ಕಾಯುವ ತಾಳ್ಮೆ ಇಲ್ಲ. 2002ರಲ್ಲಿ ಲೆನಾಕ್ಸ್ ಲೂಯಿಸ್ ಎಂಟು ಸುತ್ತಿನಲ್ಲಿ ಅದನ್ನು ತೋರಿಸಿದ. 2024ರ ನವೆಂಬರಿನಲ್ಲಿ 58ರ ಟೈಸನ್‌ನನ್ನು ಯೂಟ್ಯೂಬ್‌ನಿಂದ ಹೆಸರು ಮಾಡಿದ ಜೇಕ್ ಪಾಲ್ ಎದುರು ನಿಲ್ಲಿಸಿ, ಎರಡೇ ನಿಮಿಷದ ಸುತ್ತುಗಳನ್ನು ಆಡಿಸಿ, ಅದನ್ನು ವೃತ್ತಿಪರ ಪಂದ್ಯವೆಂದು ದಾಖಲಿಸಿದ್ದನ್ನು ಈ ಹೋಲಿಕೆಯ ಒಳಗೆ ನಾನು ಬಿಟ್ಟುಕೊಳ್ಳುವುದಿಲ್ಲ.

ನನ್ನ ಆಯ್ಕೆ ಲ್ಯಾರಿ ಹೋಮ್ಸ್. ಅಲಿಯನ್ನು ಸೋಲಿಸಿದ್ದಕ್ಕೆ ಜನ ಅವನನ್ನು ಕ್ಷಮಿಸಲಿಲ್ಲ. ಅವನು ಅಲಿಯ ಜೊತೆಯಲ್ಲೇ ಅಭ್ಯಾಸದ ಎದುರಾಳಿಯಾಗಿ ಬೆಳೆದವನು, ಆ ರಾತ್ರಿ ಹೊಡೆಯುತ್ತಲೇ ಪಂದ್ಯ ನಿಲ್ಲಿಸುವಂತೆ ರೆಫರಿಯತ್ತ ನೋಡಿದವನು, ಮುಗಿದ ಮೇಲೆ ಅತ್ತವನು. 1988ರಲ್ಲಿ, ಸುಮಾರು ಎರಡು ವರ್ಷ ಆಡದೆ ಕೂತಿದ್ದ 38ರ ಹೋಮ್ಸ್‌ನನ್ನು ಭರ್ತಿ ಪ್ರಾಯದ ಟೈಸನ್ ನಾಲ್ಕನೇ ಸುತ್ತಿನಲ್ಲಿ ಕೆಡವಿದ. 75 ಪಂದ್ಯಗಳ ಬದುಕಿನಲ್ಲಿ ಹೋಮ್ಸ್ ಅವಧಿಗೆ ಮುಂಚೆ ಸೋತದ್ದು ಅದೊಂದೇ ಸಲ. 1992ರ ಫೆಬ್ರವರಿಯಲ್ಲಿ, 42ನೇ ವಯಸ್ಸಿನಲ್ಲಿ, ಅಟ್ಲಾಂಟಿಕ್ ಸಿಟಿಯಲ್ಲಿ ಅವನು ರೇ ಮರ್ಸರ್ ಎದುರು ನಿಂತ. ಮರ್ಸರ್ 1988ರ ಒಲಿಂಪಿಕ್ ಚಿನ್ನ ಗೆದ್ದವನು, ಅಲ್ಲಿಯವರೆಗೆ ಸೋಲೇ ಕಾಣದವನು. ಹೋಮ್ಸ್ ಮೂಲೆಗೆ ಬೆನ್ನು ಕೊಟ್ಟು ನಿಂತು ಅವನನ್ನು ಕರೆದ. ಬಂದ ಏಟುಗಳನ್ನು ಭುಜ ತಿರುಗಿಸಿ, ತಲೆ ಜಾರಿಸಿ, ಗಾಳಿಗೆ ಬಿಟ್ಟ. ಕಿನ್ಶಾಸಾದಲ್ಲಿ ಅಲಿಯೂ ಹಗ್ಗಕ್ಕೇ ಒರಗಿದ್ದ, ಆದರೆ ಏಟನ್ನು ಮೈಮೇಲೆ ಹಾಕಿಕೊಂಡು. ಹೋಮ್ಸ್ ಹಾಕಿಕೊಳ್ಳಲಿಲ್ಲ. ನಡುವೆ ಆ ಜ್ಯಾಬ್, ಇಪ್ಪತ್ತು ವರ್ಷ ಹಳೆಯದಾದರೂ ಮೊಂಡಾಗದ ಜ್ಯಾಬ್. ಒಂದು ಏಟಿನ ಅದೃಷ್ಟಕ್ಕೆ ಕಾಯದೆ 12 ಸುತ್ತು ಆಡಿ ಮೂವರು ತೀರ್ಪುಗಾರರಿಂದಲೂ ಗೆದ್ದ. ಕಳೆದುಕೊಂಡದ್ದರ ಜಾಗದಲ್ಲಿ ಶುದ್ಧ ಕಸುಬನ್ನು ಇಟ್ಟ ಚಾಂಪಿಯನ್ ನಾನು ಕಂಡಂತೆ ಇವನೊಬ್ಬನೇ.

1981ರ ಏಪ್ರಿಲ್ 11ರಂದು ಸೀಸರ್ಸ್ ಪ್ಯಾಲೇಸ್‌ನಲ್ಲಿ ಹೋಮ್ಸ್ ಟ್ರೆವರ್ ಬರ್ಬಿಕ್‌ನನ್ನು ಸೋಲಿಸಿದ. ಅದೇ ಹೋಟೆಲಿನಲ್ಲಿ ಅತಿಥಿಗಳನ್ನು ಸ್ವಾಗತಿಸುವ ಕೆಲಸ ಮಾಡಿಕೊಂಡಿದ್ದ ಜೋ ಲೂಯಿ ಪ್ರೇಕ್ಷಕರ ನಡುವೆ ಕೂತು ಆ ಪಂದ್ಯ ನೋಡಿದ, ಮರುದಿನ ತೀರಿಕೊಂಡ. ಎಂಟು ತಿಂಗಳ ನಂತರ, ಬಹಾಮಾಸ್‌ನ ನಸ್ಸಾವ್‌ನಲ್ಲಿ, ಅಲಿ ತನ್ನ ಕೊನೆಯ ಪಂದ್ಯವನ್ನು ಸೋತದ್ದು ಈ ಬರ್ಬಿಕ್‌ಗೇ.