ಹತ್ತು ನಿಮಿಷದ ಜಗಳ

ಎಟಿಆರ್ ವಿಮಾನದ ಪ್ರೊಪೆಲರಿನ ಎಲೆಗಳು ನಾಲ್ಕರಿಂದ ಆರಾದ ಕಥೆಯನ್ನು ಈ ವಾರ ಬರೆಯುವುದೆಂದು ಮಾತಾಗಿತ್ತು. ಅದನ್ನು ಸದ್ಯಕ್ಕೆ ಬದಿಗಿಡೋಣ. ಎಟಿಆರ್‌ನ ಎದುರಾಳಿ ಪ್ರೊಪೆಲರ್ ವಿಮಾನ ಕ್ಯೂ400ರ ಪಂಥದವರು ಮತ್ತೆ ಅದೇ ಹಳೆಯ ಪಟ್ಟಿ ಹಿಡಿದು ನಿಂತಿದ್ದಾರೆ. ಎಟಿಆರ್ 72-600 ಗಂಟೆಗೆ 510 ಕಿಲೋಮೀಟರ್, ಕ್ಯೂ400 ಗಂಟೆಗೆ 667 ಕಿಲೋಮೀಟರ್, ಇನ್ನೇನು ಮಾತು ಬೇಕು ಎಂಬುದು ಅವರ ವಾದ. ಸಣ್ಣ ಊರುಗಳಿಗೆ ಹಾರುವ ಪೈಲಟ್‌ಗಳ ನಡುವೆ ಈ ಜಗಳ ಚಹಾದ ಜೊತೆಗಿನ ಖಾರದಂತೆ, ಇಲ್ಲದಿದ್ದರೆ ಹೊತ್ತು ಹೋಗುವುದಿಲ್ಲ. ಎಟಿಆರ್‌ಗೆ ಹಕ್ಕಿ ಎದುರಿನಿಂದಲ್ಲ, ಹಿಂದಿನಿಂದ ಬಂದು ಬಡಿಯುತ್ತದೆ ಎಂಬುದು ಒಂದು ಪಕ್ಷದ ಹಳೆಯ ಚೇಷ್ಟೆ. ಜೆಟ್ ಆಗಲು ಹೋಗಿ ಅರ್ಧ ದಾರಿಯಲ್ಲಿ ನಿಂತ ವಿಮಾನ ನಿಮ್ಮದು ಎಂಬುದು ಇನ್ನೊಂದು ಪಕ್ಷದ ಉತ್ತರ. ಈ ಅಂಕಣದ ಒಲವು ಎಟಿಆರ್ ಕಡೆಗೆ ಎಂಬುದು ಓದುಗರಿಗೆ ಗೊತ್ತಿರುವುದೇ. ಆದರೆ ಒಲವನ್ನೇ ವಾದವೆಂದು ದಾಟಿಸುವುದು ಸರಿಯಲ್ಲ. ಕಲಬುರಗಿ–ಬೆಂಗಳೂರು ದಾರಿಯನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕಿಬಿಡೋಣ.

ಮೊದಲು ವೇಗಕ್ಕೆ ಕೊಡುವ ಬೆಲೆ. ಸೈಕಲ್ ತುಳಿದವರಿಗೆಲ್ಲ ಎದುರುಗಾಳಿಯ ಗುಣ ಗೊತ್ತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಆ ತಡೆಯನ್ನು ತಳ್ಳುತ್ತಲೇ ಇರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. 667ನ್ನು 510ರಿಂದ ಭಾಗಿಸಿದರೆ 1.31, ಅದರ ಘನ ಎರಡೂ ಕಾಲಿನಷ್ಟು. ಈಗ ಎಂಜಿನ್‌ಗಳನ್ನು ನೋಡಿ. ಎರಡೂ ಪ್ರಾಟ್ ಅಂಡ್ ವಿಟ್ನಿ ಕೆನಡಾದ ಮಕ್ಕಳೇ. ಎಟಿಆರ್‌ನ ಪಿಡಬ್ಲ್ಯೂ127ಎಂ ಗರಿಷ್ಠ 2,750 ಅಶ್ವಶಕ್ತಿ ಕೊಟ್ಟರೆ, ಕ್ಯೂ400ರ ಪಿಡಬ್ಲ್ಯೂ150ಎ 5,071 ಕೊಡುತ್ತದೆ. ಎರಡು ಪಟ್ಟಿಗೆ ತುಸುವೇ ಕಡಿಮೆ. ಘನದ ಲೆಕ್ಕ ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯಲ್ಲೇ ಮುಗಿದದ್ದು ಹೇಗೆ ಎಂದು ಬಲ್ಲವರು ಹುಬ್ಬೇರಿಸಬಹುದು. ಕ್ಯೂ400 ಇಪ್ಪತ್ತೈದು ಸಾವಿರ ಅಡಿಯ ತೆಳುಗಾಳಿಗೆ ಏರಿ ತನ್ನ ವೇಗ ಗಳಿಸುತ್ತದೆ, ಎಟಿಆರ್ ಅದಕ್ಕಿಂತ ಕೆಳಗೆ, ದಟ್ಟ ಗಾಳಿಯಲ್ಲಿ ಓಡುತ್ತದೆ, ಅಷ್ಟೇ. ಆದರೆ ಒಟ್ಟು ಚಿತ್ರ ಬದಲಾಗುವುದಿಲ್ಲ. ಹತ್ತರಲ್ಲಿ ಮೂರು ಪಾಲು ಹೆಚ್ಚು ವೇಗಕ್ಕಾಗಿ ಹೆಚ್ಚುಕಡಿಮೆ ಇಮ್ಮಡಿ ಎಂಜಿನ್ ಹೊತ್ತು, ಸುಮಾರು ಆರು ಟನ್ ಹೆಚ್ಚು ತೂಗುವ ವಿಮಾನದಲ್ಲಿ ಕೂರುವವರು ಮಾತ್ರ ಹೆಚ್ಚುಕಡಿಮೆ ಅಷ್ಟೇ ಮಂದಿ. ಸ್ಪೈಸ್‌ಜೆಟ್ ಕ್ಯೂ400ರಲ್ಲಿ 78 ಸೀಟು ಹಾಕಿತು, ಎಟಿಆರ್ 72-600ರಲ್ಲೂ ಒತ್ತಿ ಕೂರಿಸಿದರೆ 78 ಹಿಡಿಯುತ್ತದೆ. ದಾರಿ ಬೇಗ ಮುಗಿಯುವುದರಿಂದ ಇಂಧನದ ಅಂತರ ಇಮ್ಮಡಿಯಾಗುವುದಿಲ್ಲ ಎಂಬುದನ್ನು ಒಪ್ಪಬೇಕು. ಆದರೂ ಅಂತರ ಉಳಿಯುತ್ತದೆ, ಪ್ರತಿ ಹಾರಾಟಕ್ಕೂ ಉಳಿಯುತ್ತದೆ. ಕ್ಯೂ ಎಂದರೆ ಕ್ವಯಟ್, ಸದ್ದಿಲ್ಲದ್ದು ಎಂದು ಅರ್ಥವಂತೆ. ಅಷ್ಟು ದೊಡ್ಡ ಎಂಜಿನ್ನಿನ ಗದ್ದಲ ಅಡಗಿಸಲು ಗೋಡೆಯೊಳಗೆ ಮೈಕ್ರೋಫೋನ್ ಇಟ್ಟು, ಎದುರು ಕಂಪನ ಹುಟ್ಟಿಸುವ ಯಂತ್ರ ಕೂರಿಸಬೇಕಾಯಿತು ಎಂಬುದನ್ನು ಹೆಸರಿಟ್ಟವರು ಹೇಳುವುದಿಲ್ಲ.

ಇಷ್ಟೆಲ್ಲ ಕೊಟ್ಟು ಕೊಂಡದ್ದೇನು? ಕಲಬುರಗಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 460 ಕಿಲೋಮೀಟರ್. ಕಾಗದದ ಮೇಲೆ ಎಟಿಆರ್‌ಗೆ 54 ನಿಮಿಷ, ಕ್ಯೂ400ಕ್ಕೆ 41, ಎಂಬ್ರಾಯರ್ 145 ಜೆಟ್‌ಗೆ 33. ಕಾಗದ ಹಾಗೆ ಹೇಳುತ್ತದೆ, ಆಕಾಶ ಹಾಗೆ ಹೇಳುವುದಿಲ್ಲ. ಹತ್ತು ಸಾವಿರ ಅಡಿಯ ಕೆಳಗೆ ಯಾರೇ ಆಗಲಿ 250 ನಾಟ್ ಮೀರುವಂತಿಲ್ಲ. ಎಟಿಆರ್ ಮೈಗೆ ವಿಧಿಸಿರುವ ಗರಿಷ್ಠ ಮಿತಿಯೂ ಅದೇ 250 ನಾಟ್! ಅಂದರೆ ಕೆಳಗಿನ ಹಾದಿಯಲ್ಲಿ ಜೆಟ್ಟಿನ ಶೂರತ್ವಕ್ಕೆ ಜಾಗವೇ ಇಲ್ಲ. ಏರುವುದಕ್ಕೊಂದಿಷ್ಟು, ಇಳಿಯುವುದಕ್ಕೊಂದಿಷ್ಟು ತೆಗೆದರೆ ಇಷ್ಟು ಸಣ್ಣ ದಾರಿಯಲ್ಲಿ ಪೂರ್ಣ ವೇಗದ ಓಟ ಉಳಿಯುವುದು ಎಷ್ಟು? ಟೇಕಾಫ್‌ಗೆ ಕಾಯುವುದು, ಇಳಿಯುವ ಸಾಲಿನಲ್ಲಿ ಸುತ್ತುವುದು, ಇಳಿದ ಮೇಲೆ ಟ್ಯಾಕ್ಸಿಯಿಂಗ್ ಎಲ್ಲ ಮೂರಕ್ಕೂ ಒಂದೇ. ಕೊನೆಗೆ ಎಟಿಆರ್‌ಗೂ ಕ್ಯೂ400ಕ್ಕೂ ಉಳಿಯುವ ಅಂತರ ಹತ್ತು ನಿಮಿಷದ ಆಸುಪಾಸು. ಇನ್ನೊಂದು ಗುಟ್ಟು ಎಟಿಆರ್ ಹಾರಿಸುವವರಿಗೇ ಚೆನ್ನಾಗಿ ಗೊತ್ತು. ಪವರ್ ಲಿವರ್ ಹಿಂದಕ್ಕೆಳೆದರೆ ಆ ಎರಡು ದೊಡ್ಡ ಪ್ರೊಪೆಲರ್‌ಗಳೇ ಬ್ರೇಕಾಗಿ ನಿಲ್ಲುತ್ತವೆ. ಜೆಟ್ ಪೈಲಟ್ ಬಹು ಮೊದಲೇ ವೇಗ ಕಡಿಮೆ ಮಾಡುವ ಯೋಜನೆ ಹಾಕಬೇಕು. ಎಟಿಆರ್ ಕೊನೆಯ ಕೆಲವೇ ಮೈಲಿಗಳವರೆಗೆ ಬೀಸಾಗಿ ಬಂದು, ಗಕ್ಕನೆ ನಿಧಾನಿಸಿ ಇಳಿಯಬಲ್ಲದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಇಳಿಯುವ ಕೊನೆಯ ಗಳಿಗೆಯಲ್ಲಿ ಎಟಿಆರ್ 110 ನಾಟ್ ಆಸುಪಾಸಿಗೆ ಬರುತ್ತದೆ, ಹಿಂದೆ ಬರುವ ಏರ್‌ಬಸ್ 135ರ ಮೇಲಿರುತ್ತದೆ. ಹಿಂದಿನವರು ಮುಂದಿನವರನ್ನು ಮುಟ್ಟದಂತೆ ವಿಮಾನ ಸಂಚಾರ ನಿಯಂತ್ರಣದವರು ಹೆಚ್ಚು ಅಂತರ ಬಿಡಬೇಕು. ಬೆಂಗಳೂರಿನಂಥ ನಿಲ್ದಾಣದಲ್ಲಿ ಅದು ಬೆಲೆಯುಳ್ಳ ಅಂತರ. ಟ್ರಾಫಿಕ್ಕಿನಲ್ಲಿ ಟ್ರ್ಯಾಕ್ಟರ್ ಸಿಕ್ಕ ಹಾಗೆ ಎಂದು ಜೆಟ್ ಪೈಲಟ್‌ಗಳು ಗೊಣಗುವುದರಲ್ಲಿ ಸುಳ್ಳಿಲ್ಲ. ಆದರೆ ಕೆಂಪೇಗೌಡ ನಿಲ್ದಾಣಕ್ಕೆ 2019ರ ಡಿಸೆಂಬರಿನಲ್ಲಿ ಎರಡನೇ ರನ್‌ವೇ ಬಂದ ಮೇಲೆ ಈ ಗೊಣಗಾಟದ ಮೊನೆ ಮೊಂಡಾಗಿದೆ. ಅದಲ್ಲದೆ ಟ್ರ್ಯಾಕ್ಟರ್ ಬೇಡವೆಂದರೆ ಹೊಲದ ಊರಿಗೆ ಹೋಗುವವರಾರು? 2003ರ ಆಗಸ್ಟಿನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹುಬ್ಬಳ್ಳಿಗೆ ಇಳಿಸಿದ್ದು ಎಟಿಆರ್. 2020ರ ಫೆಬ್ರುವರಿ 7ರಂದು ಬೀದರಿಗೆ ಮೊದಲು ಬಂದ ಟ್ರೂಜೆಟ್ ವಿಮಾನವೂ, 2023ರ ಆಗಸ್ಟ್ 31ರಂದು ಶಿವಮೊಗ್ಗಕ್ಕೆ ಬಂದ ಇಂಡಿಗೊ ವಿಮಾನವೂ ಎಟಿಆರ್‌ಗಳೇ.

ಕಲಬುರಗಿ ಮಾತ್ರ ಬೇರೆ ದಾರಿ ಹಿಡಿಯಿತು. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯ ನಿಲ್ದಾಣ ತೆರೆದಾಗ ಬಂದಿಳಿದದ್ದು ಸ್ಟಾರ್ ಏರ್‌ನ ಐವತ್ತು ಸೀಟಿನ ಎಂಬ್ರಾಯರ್ ಜೆಟ್. ಅಲಯನ್ಸ್ ಏರ್‌ನ ಎಟಿಆರ್ ಆಮೇಲೆ ಬಂತು. ಬೀದರಿನಲ್ಲೂ ಟ್ರೂಜೆಟ್ ನಿಂತ ಮೇಲೆ ಜೆಟ್ ಬಂತು. ಇದನ್ನೇ ಹಿಡಿದು ಜೆಟ್ ಪ್ರಿಯರು ಹೇಳುವುದು: ನೋಡಿ, ಪಂಖಾದ ವಿಮಾನ ಹೋಯಿತು, ಜೆಟ್ ಉಳಿಯಿತು. ಪಂಖಾ ಕಂಡರೆ ಹಳೆಯ ಕಾಲದ್ದು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ, ನಿಜ. ಆದರೆ ಅವರು ನೋಡುವ ಜೆಟ್ಟಿನ ಎಂಜಿನ್ನಿಗೂ ಮುಂದೆ ಪಂಖಾ ಇದೆ, ಡಬ್ಬಿಯೊಳಗೆ ಮುಚ್ಚಿಟ್ಟಿದ್ದಾರೆ ಅಷ್ಟೇ. ಒಳಗೆ ಇಬ್ಬರಲ್ಲೂ ತಿರುಗುವುದು ಗ್ಯಾಸ್ ಟರ್ಬೈನೇ. ಎಂಬ್ರಾಯರ್ 145ರ ಮೊದಲ ಹಾರಾಟ 1995ರಲ್ಲಿ. ಎಟಿಆರ್ 72-600 ಅದಕ್ಕಿಂತ ಹೊಸ ಮಾದರಿ. ಕಂಪನಿಗಳು ಮುಳುಗಿದ್ದಕ್ಕೆ ಪ್ರೊಪೆಲರನ್ನು ದೂರುವುದು, ಅಂಗಡಿ ಮುಚ್ಚಿದ್ದಕ್ಕೆ ತಕ್ಕಡಿಯನ್ನು ಬೈದ ಹಾಗೆ. ಕಿಂಗ್‌ಫಿಷರ್ ಮುಳುಗಿದಾಗ ಅದರ ಬಳಿ ಏರ್‌ಬಸ್ಸೂ ಇತ್ತು, ಎಟಿಆರೂ ಇತ್ತು.

ಇನ್ನು ಆಳಂದ ತಾಲ್ಲೂಕಿನ ನರೋಣಾದಿಂದ ಹೊರಡುವವರ ಲೆಕ್ಕ. ನಿಲ್ದಾಣ ಇರುವುದು ಸೇಡಂ ರಸ್ತೆಯಲ್ಲಿ, ನಗರದ ಪೂರ್ವಕ್ಕೆ. ಆಳಂದದ ಹಳ್ಳಿಗಳು ಪಶ್ಚಿಮಕ್ಕೆ. ಕಲಬುರಗಿಯನ್ನು ಪೂರ್ತಿ ಹಾಯ್ದೇ ಹೋಗಬೇಕು. ಅಫಜಲಪುರದವರಿಗೂ ಅದೇ ಪಾಡು. ಬೆಂಗಳೂರಿನಲ್ಲಿ ಇಳಿದ ಮೇಲೆ ಮೆಜೆಸ್ಟಿಕ್‌ಗೆ ಮತ್ತೆ ಮೂವತ್ತೈದು ಕಿಲೋಮೀಟರಿನಷ್ಟು ದಾರಿ. ಇಂಥ ಪ್ರಯಾಣದಲ್ಲಿ ನಡುವಿನ ಹತ್ತು ನಿಮಿಷ ಆಳಂದ ಚೆಕ್‌ಪೋಸ್ಟಿನ ಬಳಿ ಒಂದು ಕಬ್ಬಿನ ಲಾರಿ ಅಡ್ಡ ನಿಂತರೆ ಕರಗುವಂಥದ್ದು. ಪ್ರಯಾಣಿಕರಿಗೆ ಬೇಕಿರುವುದು ಬೇರೆಯೇ: ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಮರಳಲು ದಿನಕ್ಕೆ ಎರಡು ಹಾರಾಟ. ಎರಡು ಹಾರಾಟ ನಡೆಯಬೇಕಾದರೆ ಒಂದೊಂದರ ಖರ್ಚು ಕಡಿಮೆಯಿರಬೇಕು. ದಿನಕ್ಕೊಂದೇ ಬಾರಿ ಬರುವ ವೇಗದ ವಿಮಾನ ಉಳಿಸುವ ಹತ್ತು ನಿಮಿಷವನ್ನು, ಬೆಂಗಳೂರಿನ ಲಾಡ್ಜಿನಲ್ಲಿ ಕಳೆಯುವ ರಾತ್ರಿಯಿಂದ ಕಳೆದು ನೋಡಿ.

ಇಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಕ್ಯೂ400 ಪಂಥದವರು ಕೇಳಬೇಕಾದ ಪ್ರಶ್ನೆಯನ್ನು ಕೇಳಿಯೇ ಇಲ್ಲ; ಅವರ ಪರವಾಗಿ ಕೇಳಿಬಿಡುತ್ತೇನೆ. ವೇಗ ಬಿಡಿ, ನಮ್ಮ ಬಿಸಿಲಿನಲ್ಲಿ ಮೇಲೇಳುವ ಕಸುವಿನ ಮಾತೇನು? ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರ. ಪುಸ್ತಕದ ಪ್ರಮಾಣಿತ ವಾತಾವರಣದಲ್ಲಿ ಆ ಎತ್ತರಕ್ಕೆ 12 ಡಿಗ್ರಿ ಇರಬೇಕು. ಮೇ ತಿಂಗಳ ಮಧ್ಯಾಹ್ನ ಇಲ್ಲಿರುವುದು 43. ಹೆಚ್ಚಾದ ಒಂದೊಂದು ಡಿಗ್ರಿಗೆ 120 ಅಡಿ ಸೇರಿಸುವುದು ಪೈಲಟ್‌ಗಳ ಬಾಯಿಲೆಕ್ಕ. 31 ಡಿಗ್ರಿಗೆ 3,720 ಅಡಿ, ಮೂಲದ ಎತ್ತರ ಕೂಡಿಸಿದರೆ 5,200 ಅಡಿ. ಅಂದರೆ ತೊಗರಿ ಹೊಲದ ಸಮತಟ್ಟಿನಲ್ಲಿ ನಿಂತ ವಿಮಾನ, ರೆಕ್ಕೆಯ ಮಟ್ಟಿಗೆ, ನಂದಿಬೆಟ್ಟದ ನೆತ್ತಿಗಿಂತ ಎತ್ತರದಲ್ಲಿ ನಿಂತಿದೆ. ಬಿಸಿಗಾಳಿ ತೆಳು, ರೆಕ್ಕೆಗೆ ಹಿಡಿತ ಸಿಗದು, ಪ್ರೊಪೆಲರಿಗೆ ಕಚ್ಚಲು ಗಾಳಿ ಸಾಲದು, ಎಂಜಿನ್ನಿನ ಒಳಗಿನ ಉಷ್ಣ ಬೇಗ ಕೆಂಪುಗೆರೆ ಮುಟ್ಟುತ್ತದೆ. ರನ್‌ವೇ ಉದ್ದ 3,175 ಮೀಟರ್ ಇರುವುದರಿಂದ ಓಡಲು ಜಾಗದ ಕೊರತೆಯಿಲ್ಲ. ಎಟಿಆರ್‌ಗೆ ಅದರ ಅರ್ಧವೂ ಯಥೇಷ್ಟ. ತೊಡಕಿರುವುದು ಓಟದಲ್ಲಲ್ಲ, ಏರಿಕೆಯಲ್ಲಿ. ಟೇಕಾಫ್ ಹೊತ್ತಿನಲ್ಲೇ ಒಂದು ಎಂಜಿನ್ ಕೈಕೊಟ್ಟರೂ, ಚಕ್ರ ಮಡಚಿದ ಮೇಲೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 2.4 ಮೀಟರ್ ಮೇಲೇರುವ ಕಸುವು ಉಳಿದಿರಬೇಕೆಂಬುದು ಎರಡು ಎಂಜಿನ್ನಿನ ಇಂಥ ವಿಮಾನಗಳಿಗೆಲ್ಲ ಇರುವ ನಿಯಮ. ಐದು ಸಾವಿರ ಅಶ್ವಶಕ್ತಿಯ ಕ್ಯೂ400 ಇಲ್ಲಿ ನಿಜಕ್ಕೂ ಎದೆಯುಬ್ಬಿಸಿ ನಿಲ್ಲಬಹುದು. ಎಟಿಆರ್ ಬೇಸಿಗೆಯ ಮಧ್ಯಾಹ್ನ ಎಮ್ಮೆ ದಿನ್ನೆ ಹತ್ತಿದಂತೆಯೇ ಹತ್ತುತ್ತದೆ. ಒಪ್ಪಿದೆ. ಆದರೆ 460 ಕಿಲೋಮೀಟರಿನ ದಾರಿಗೆ ಟ್ಯಾಂಕ್ ತುಂಬಿಸುವ ಅಗತ್ಯವಿಲ್ಲ, ಗರಿಷ್ಠ ತೂಕ ಮುಟ್ಟುವ ಪ್ರಮೇಯ ಕಡಿಮೆ. ಜೊತೆಗೆ, ಮೇಲೆ ಹೇಳಿದ ಬೆಳಗು–ಸಂಜೆಯ ವೇಳಾಪಟ್ಟಿಯಲ್ಲಿ ಮಧ್ಯಾಹ್ನದ ಎರಡು ಗಂಟೆಗೆ ಇಲ್ಲಿಂದ ಏಳಬೇಕಾದ ಕೆಲಸವೇ ಇಲ್ಲ.

ಬಿಸಿಲಿಗಿಂತ ಗಂಭೀರವಾದದ್ದು ಮಂಜು. 43 ಡಿಗ್ರಿಯ ನಾಡಿನಲ್ಲಿ ಮಂಜಿನ ಮಾತೇ ಎನ್ನಬೇಡಿ. ಮಳೆಗಾಲದಲ್ಲಿ ನಮ್ಮ ನೆತ್ತಿಯ ಮೇಲೆ ಸುಮಾರು ಐದು ಕಿಲೋಮೀಟರ್ ಏರಿದರೆ ನೀರು ಹೆಪ್ಪುಗಟ್ಟುವ ಗೆರೆ. ಎಟಿಆರ್ ಓಡಾಡುವುದು ಸರಿಯಾಗಿ ಅದರ ಆಸುಪಾಸಿನಲ್ಲೇ. ಜೆಟ್ ಬೇಗ ಆ ಪದರ ದಾಟಿಬಿಡುತ್ತದೆ. ಎಟಿಆರ್‌ನ ಕಾಕ್‌ಪಿಟ್ಟಿನ ಎಡಕಿಟಕಿಯ ಹೊರಗೆ ಒಂದು ಮೊಳೆಯಂಥ ಕಡ್ಡಿ ಚಾಚಿಕೊಂಡಿರುತ್ತದೆ. ಮಂಜು ಮೊದಲು ಕೂರುವುದು ಅದರ ಮೇಲೆ, ಕೊನೆಗೆ ಕರಗುವುದೂ ಅದರ ಮೇಲಿನದೇ. ಕ್ಯಾಪ್ಟನ್ ಕಣ್ಣು ಆಗಾಗ ಅತ್ತ ಹೋಗುತ್ತಿರಬೇಕು. ರೆಕ್ಕೆಯ ಮುಂಚೂಣಿಗೆ ಅಂಟಿಸಿದ ಕಪ್ಪು ರಬ್ಬರ್ ಪಟ್ಟಿಗಳು ಸರದಿಯಂತೆ ಉಬ್ಬಿ ಇಳಿದು, ಕೂತ ಮಂಜನ್ನು ಒಡೆದು ಉದುರಿಸುತ್ತವೆ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಬಳಿ ಆ ಪಟ್ಟಿಗಳ ಹಿಂದೆ ಮಂಜು ಕಟ್ಟಿ ಎಟಿಆರ್ 72 ಬಿತ್ತು, 68 ಜನ ಸತ್ತರು. ಆ ಬಳಿಕ ಪಟ್ಟಿಗಳನ್ನು ಹಿಂದಕ್ಕೆ ಹಿಗ್ಗಿಸಲಾಯಿತು. ಇದನ್ನು ಎಟಿಆರ್ ಪಕ್ಷದವರು ಮೆಲುದನಿಯಲ್ಲಿ ಹೇಳಿ ಮುಂದೆ ಹೋಗುವುದು ಸಲ್ಲದು. ಆದರೆ ವೇಗದ ವಿಮಾನವಾಗಿದ್ದರೆ ಉಳಿಯುತ್ತಿತ್ತು ಎಂಬ ತೀರ್ಮಾನವೂ ನಿಲ್ಲುವುದಿಲ್ಲ. 2009ರ ಫೆಬ್ರುವರಿ 12ರಂದು ಬಫಲೋ ನಗರದ ಬಳಿ ಬಿದ್ದದ್ದು ಕ್ಯೂ400. ವೇಗಕ್ಕೆ ಹೆಸರಾದ ವಿಮಾನ ವೇಗ ಕಳೆದುಕೊಂಡು ಬಿತ್ತು. ಎಚ್ಚರಿಕೆಗೆ ಸ್ಟಿಕ್ ನಡುಗಿದಾಗ ಕ್ಯಾಪ್ಟನ್ ಮುಂದಕ್ಕೆ ತಳ್ಳುವ ಬದಲು ಹಿಂದಕ್ಕೆಳೆದರು. ಲಾಂಗೆವಿಷೆ 1944ರಲ್ಲಿ ಬರೆದ ‘ಸ್ಟಿಕ್ ಅಂಡ್ ರಡ್ಡರ್’ ಪುಸ್ತಕ ಪೂರಾ ನಿಂತಿರುವುದು ಈ ಒಂದೇ ಕಂಬದ ಮೇಲೆ. ರೆಕ್ಕೆಗೆ ವೇಗದ ಭಾಷೆ ತಿಳಿಯದು, ಗಾಳಿಗೆ ತಾನು ಒಡ್ಡಿಕೊಂಡ ಕೋನ ಮಾತ್ರ ತಿಳಿಯುತ್ತದೆ ಎಂದು ಅವರು ಬಗೆಬಗೆಯಾಗಿ ವಿವರಿಸುತ್ತಾರೆ. ಎಂಬತ್ತು ವರ್ಷವಾದರೂ ವಿಮಾನದ ಚರ್ಚೆ ಮಾತ್ರ ಗಂಟೆಗೆಷ್ಟು ಎಂಬಲ್ಲೇ ನಿಂತಿದೆ. ನಮ್ಮ ದಾರಿಗೊಂದು ಸಮಾಧಾನವಿದೆ: ಭೀಮಾ, ಕೃಷ್ಣೆ, ತುಂಗಭದ್ರೆ ದಾಟಿ ಹೋಗುವ ಈ ಬಯಲಿನಲ್ಲಿ ಎತ್ತರದ ಬೆಟ್ಟಸಾಲಿಲ್ಲ. ಮಂಜು ಕೂತರೆ ಕೆಳಗಿಳಿದು ಬಿಸಿಗಾಳಿ ಸೇರಿಕೊಳ್ಳಬಹುದು. ಬೇಸಿಗೆಯಲ್ಲಿ ಶಪಿಸಿದ ಗಾಳಿಯೇ ಮಳೆಗಾಲದಲ್ಲಿ ಮದ್ದು.

ಕೊನೆಗೆ ನೆಲದ ಮೇಲಿನ ಒಂದು ಸಂಗತಿ, ವೇಗದ ಪಟ್ಟಿಯಲ್ಲಿ ಎಲ್ಲೂ ಬರದಂಥದ್ದು. ನಿಂತ ಎಟಿಆರ್‌ನ ಬಲಗಡೆಯ ಎಂಜಿನ್ ಗಮನಿಸಿ. ಪ್ರೊಪೆಲರ್ ಅಲುಗದೆ ನಿಂತಿರುತ್ತದೆ, ಒಳಗಿನಿಂದ ಮಾತ್ರ ಸಿಳ್ಳೆಯಂಥ ಸದ್ದು. ಪ್ರೊಪೆಲರಿಗೆ ಬ್ರೇಕ್ ಬಿಗಿದು ಎಂಜಿನ್ ಮಾತ್ರ ಓಡಿಸಿ, ಅದರಿಂದಲೇ ಕರೆಂಟು, ಎಸಿ ಪಡೆಯುವ ಈ ಏರ್ಪಾಟಿಗೆ ಹೋಟೆಲ್ ಮೋಡ್ ಎಂದು ಹೆಸರು. ಬಾಲದಲ್ಲಿ ಎಪಿಯು ಎಂಬ ಇನ್ನೊಂದು ಎಂಜಿನ್ ಹೊರುವ ಗೊಡವೆಯೇ ಇಲ್ಲ. ಹತ್ತುವ ಬಾಗಿಲು ಹಿಂದೆ, ಎಡಕ್ಕೆ. ಮೆಟ್ಟಿಲು ಬಾಗಿಲಿನಲ್ಲೇ ಇದೆ. ಎಲ್ಲರೂ ಹಿಂದಿನಿಂದ ಹತ್ತುವಾಗ ವಿಮಾನ ಬಾಲ ಕೆಳಗೆ ಹಾಕದಂತೆ ಅಡಿಗೊಂದು ಊರುಗೋಲು ಕೊಟ್ಟಿರುತ್ತಾರೆ. ಸರಂಜಾಮು ಕಡಿಮೆಯಿರುವ ನಿಲ್ದಾಣಕ್ಕೆ ಸರಂಜಾಮು ಬೇಡದ ವಿಮಾನ. ಎಂಬತ್ತಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ನಮ್ಮ ದೇಶದಲ್ಲಿ ಲ್ಯಾಂಡಿಂಗ್ ಶುಲ್ಕದ ವಿನಾಯಿತಿ ಇರುವುದು ಕ್ಯೂ400ಕ್ಕೂ ಒಪ್ಪುವ ಮಾತು. ಆ 78ರ ಅಂಕಿ ಗೆರೆಯ ಒಳಗೇ ಇದೆ. ಆದರೆ ಕ್ಯೂ400ರ ತಯಾರಿಕೆ 2021ರಲ್ಲಿ ನಿಂತಿತು. ಫ್ರಾನ್ಸಿನ ಟುಲೂಸ್‌ನಲ್ಲಿ ಎಟಿಆರ್ ಇನ್ನೂ ತಯಾರಾಗುತ್ತಿದೆ, ಆರು ಎಲೆಯ ಪ್ರೊಪೆಲರ್ ಹೊತ್ತು. ಆ ಎಲೆಗಳ ಕಥೆ ಮುಂದಿನ ವಾರ, ಯಾರೂ ಹೊಸ ಜಗಳ ತೆಗೆಯದಿದ್ದರೆ.