ತೋಡಿಯ ಸ್ವರ, ಟೆನರಿನ ಸಿಟ್ಟು

ಇಂಗ್ಲಿಷ್ ಸಂಯೋಜಕ ಥಾಮಸ್ ಟ್ಯಾಲಿಸ್‌ನ ಮೂರನೇ ಧಾಟಿಯನ್ನು ಹಾಡುವ ಮಿಶ್ರ ಗಾಯಕವೃಂದಗಳ ಮೇಲೆ ನನ್ನವು ಎರಡು ತಕರಾರು. ಸೊಪ್ರಾನೊಗಳು ಮುಂದೆ ನುಗ್ಗುತ್ತಾರೆ. ಎಲ್ಲರೂ ಸೇರಿ ನಿಧಾನಿಸುತ್ತಾರೆ.

ಮೇರಿ ರಾಣಿಯ ಆಳ್ವಿಕೆಯಲ್ಲಿ ಹುದ್ದೆ ಕಳೆದುಕೊಂಡು ಮರೆಯಲ್ಲಿದ್ದ ಮ್ಯಾಥ್ಯೂ ಪಾರ್ಕರ್ ಬೈಬಲಿನ ಕೀರ್ತನೆಗಳನ್ನು ಇಂಗ್ಲಿಷ್ ಪದ್ಯಕ್ಕಿಳಿಸಿದ. ಎಲಿಜಬೆತ್ ಬಂದ ಮೇಲೆ ಅವನೇ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್. 1567ರ ಸುಮಾರಿಗೆ ಲಂಡನ್ನಿನ ಜಾನ್ ಡೇ ಅಚ್ಚುಹಾಕಿದ ಆ ಪುಸ್ತಕಕ್ಕೆ ಟ್ಯಾಲಿಸ್ ಒಂಬತ್ತು ಧಾಟಿ ಕೊಟ್ಟ, ನಾಲ್ಕು ದನಿಗಳಿಗೆ. ಮೂರನೆಯದು ಎರಡನೇ ಕೀರ್ತನೆಯದು. ಭೂಮಿಯ ದೊರೆಗಳು ದೇವರ ವಿರುದ್ಧ ಕೆರಳಿ ನಿಲ್ಲುವ ಕೀರ್ತನೆ. ಧಾಟಿ ಇರುವುದು ಮೇಲುಸ್ಥಾಯಿಯ ಗಂಡುದನಿ ಟೆನರ್‌ನಲ್ಲಿ. ಜನ ತಾವಾಗಿಯೇ ಹಾಡುವುದಾದರೆ ಅದಷ್ಟೇ ಸಾಕು, ಮಿಕ್ಕ ದನಿಗಳು ದೊಡ್ಡ ಮೇಳಕ್ಕೆ, ಇಲ್ಲವೇ ಮನೆಯಲ್ಲಿ ಹಾಡಿ ನುಡಿಸುವವರಿಗೆ ಎಂದು ಪುಸ್ತಕವೇ ಹೇಳುತ್ತದೆ. ಇವತ್ತು ಧಾಟಿಯನ್ನು ಮೇಲಿನ ದನಿಯಾದ ಸೊಪ್ರಾನೊಗೆ ಏರಿಸಿ ಹಾಡುವುದು ಸಾಮಾನ್ಯ.

ಮಟ್ಟು ಫ್ರಿಜಿಯನ್. ಅಂದರೆ ನಮ್ಮ ಹನುಮತೋಡಿಯ ಸ್ವರಗಳೇ: ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಧೈವತ, ಕೈಶಿಕಿ ನಿಷಾದ. ಗಮಕ ತೆಗೆದು ನೆಟ್ಟಗೆ ನಿಲ್ಲಿಸಿದರೆ ತೋಡಿಗೆ ತೋಡಿಯ ಗುರುತೇ ಇರದು, ಆ ಮಾತು ಬೇರೆ. ಷಡ್ಜಕ್ಕೆ ಒತ್ತಿಕೊಂಡೇ ಕೂತ ಆ ರಿಷಭದ ಬಿಗಿ ಮಾತ್ರ ಎರಡೂ ಕಡೆ ಕೇಳುತ್ತದೆ. ಕೊನೆಯಲ್ಲಿ ಟ್ಯಾಲಿಸ್ ಮಾಡುವುದನ್ನು ಯಾವ ತೋಡಿಯೂ ಮಾಡಲಾರದು: ಟೆನರ್ ಷಡ್ಜಕ್ಕೆ ಬಂದು ನಿಂತಾಗ ಇನ್ನೊಂದು ದನಿ ಅಂತರ ಗಾಂಧಾರವನ್ನು ಹಿಡಿಯುತ್ತದೆ. ರಾಗಕ್ಕೆ ಸಲ್ಲದ ಸ್ವರ, ಆದರೂ ಇಡೀ ಮೇಳ ಬೆಳಗುತ್ತದೆ. ನಡೆಯೂ ನೆಟ್ಟಗಿಲ್ಲ, ಎರಡರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಜಾರುತ್ತಲೇ ಇರುತ್ತದೆ. ಸಾವಕಾಶ ಹಾಡಿದರೆ ಈ ಜಾರಾಟವೇ ಮಾಯ.

ಒಂಬತ್ತರಲ್ಲಿ ಮೊದಲ ಎಂಟಕ್ಕೆ ಒಂದೊಂದು ಸ್ವಭಾವ ಬರೆದಿಟ್ಟ ಪಾರ್ಕರ್ ಇದನ್ನು ಸಿಟ್ಟಿನ, ಒರಟು ಧಾಟಿಯೆಂದ. ಈಗ ಕೇಳುವವರಿಗೆ ಸಿಟ್ಟೆಲ್ಲಿ ಕಾಣಬೇಕು? 1906ರ ಇಂಗ್ಲಿಷ್ ಹಿಮ್ನಲ್‌ನಲ್ಲಿ ಸಂಯೋಜಕ ವಾನ್ ವಿಲಿಯಮ್ಸ್ ಇದನ್ನು ಕವಿ ಅಡಿಸನ್‌ನ ಪಶ್ಚಾತ್ತಾಪದ ಸ್ತೋತ್ರಕ್ಕೆ ಹೊಂದಿಸಿದ. 1910ರಲ್ಲಿ ಗ್ಲೌಸ್ಟರ್ ಕ್ಯಾಥೆಡ್ರಲ್‌ನಲ್ಲಿ ಇದೇ ಧಾಟಿಯ ಮೇಲೆ ತಂತಿವಾದ್ಯಗಳ ಫ್ಯಾಂಟೇಸಿಯಾ ನುಡಿಸಿದ. ಅದ್ಭುತ ಕೃತಿ, ಅನುಮಾನವೇ ಇಲ್ಲ. ಅಲ್ಲಿಂದ ಮುಂದೆ ಗಾಯಕರೂ ಪಿಟೀಲುಗಳ ಹಾಗೆ ಎಳೆಯತೊಡಗಿದರು ಎಂಬುದು ನನ್ನ ಗುಮಾನಿ.

ಪಾರ್ಕರನ ಮಾತುಗಳಿಗೇ ಚುರುಕಾಗಿ ಹಾಡಿದ ಮುದ್ರಿಕೆಯನ್ನು ಮೊದಲು ಕೇಳಿ, ಕಿವಿ ಟೆನರ್‌ನ ಮೇಲಿರಲಿ. ಫ್ಯಾಂಟೇಸಿಯಾ ಆಮೇಲೆ.